ಚೆಂಡು ಎಸೆಯುವ ರೋಬೋಟ್: ಮಲೆನಾಡಿನ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. ಶನಿವಾರ, ಭಾನುವಾರ ಅಲ್ಲಿ ಹೈಸ್ಕೂಲಿನಿಂದ ಇಂಜಿನಿಯರಿಂಗ್‌ವರೆಗಿನ ಹುಡುಗ ಹುಡುಗಿಯರು ಸೇರಿ ಸ್ಪರ್ಧೆಗೆ ರೋಬೋಟ್ ಕಟ್ಟುತ್ತಾರೆ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದಲೂ ಫೋನು, ಮೆಸೇಜು, ಒಮ್ಮೊಮ್ಮೆ ಪತ್ರ ಬರುತ್ತವೆ. ಚೆಂಡು ಎಸೆಯುವ ರೋಬೋಟ್ ಬಗ್ಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ಕಟ್ಟಿದವರು ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಶುರು ಮಾಡುವವರಿಗೆ

ಅಕ್ಕಾ, ಚೆಂಡು ಎಸೆಯೋ ರೋಬೋಟ್ ಅಂದ್ರೆ ಅದರಲ್ಲಿ ಏನೇನು ಇರ್ಬೇಕು?

ನಾಲ್ಕು ಭಾಗ. ಓಡಾಡುವ ಗಾಡಿ, ನೆಲದಿಂದ ಚೆಂಡು ಎತ್ತಿಕೊಳ್ಳುವ ಬಾಯಿ, ಎತ್ತಿಕೊಂಡ ಚೆಂಡನ್ನು ಒಂದೊಂದಾಗಿ ಮುಂದೆ ಕಳಿಸುವ ದಾರಿ, ಕೊನೆಗೆ ಎಸೆಯುವ ಯಂತ್ರ. ಎಲ್ಲ ತಂಡಗಳೂ ಎಸೆಯುವ ಯಂತ್ರದ ಮೇಲೆ ಜೀವ ಇಟ್ಟು ಕೆಲಸ ಮಾಡುತ್ತವೆ. ಆದರೆ ಸ್ಪರ್ಧೆಯಲ್ಲಿ ಕೈಕೊಡುವುದು ಬಹುತೇಕ ಮೂರನೇ ಭಾಗ, ಚೆಂಡು ಹಾದುಹೋಗುವ ದಾರಿ. ಅದಕ್ಕೆ ಮೊದಲ ದಿನದಿಂದಲೇ ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ದೂರ ಎಸೆಯುವ ರೋಬೋಟ್ ಕಟ್ಟುವುದು ಕಷ್ಟವಲ್ಲ. ಇಪ್ಪತ್ತು ಸಲ ಎಸೆದರೆ ಇಪ್ಪತ್ತು ಸಲವೂ ಒಂದೇ ಜಾಗಕ್ಕೆ ಬೀಳುವ ಹಾಗೆ ಕಟ್ಟುವುದು ಕಷ್ಟ. ಮುಂದೆ ನಾನು ಹೇಳುವ ಹೆಚ್ಚಿನ ಮಾತುಗಳು ಅದಕ್ಕಾಗಿಯೇ.

ಲಗೋರಿ ಆಡೋ ರೋಬೋಟ್ ಸ್ಪರ್ಧೆ ಇತ್ತಂತೆ, ನಿಜಾನಾ?

ನಿಜ. ಎಬಿಯು ರೋಬೋಕಾನ್ ಅಂತ ಏಷ್ಯಾ ಪೆಸಿಫಿಕ್ ದೇಶಗಳ ಕಾಲೇಜು ತಂಡಗಳ ಸ್ಪರ್ಧೆ ಇದೆ. 2002ರಲ್ಲಿ ಟೋಕಿಯೊದಲ್ಲಿ ಶುರುವಾಯಿತು. ಪ್ರತಿ ವರ್ಷ ಅತಿಥೇಯ ದೇಶ ತನ್ನ ನೆಲದ ಒಂದು ಆಟವನ್ನೋ ಸಂಪ್ರದಾಯವನ್ನೋ ಹಿಡಿದು ನಿಯಮ ಬರೆಯುತ್ತದೆ. 2022ರಲ್ಲಿ ನವದೆಹಲಿಯ ಸರದಿ ಬಂದಾಗ ಆಯ್ಕೆಯಾದದ್ದು ನಮ್ಮ ಲಗೋರಿ. ಒಂದು ರೋಬೋಟ್ ಚೆಂಡೆಸೆದು 5 ಬಿಲ್ಲೆಗಳ ಗೋಪುರ ಕೆಡವಬೇಕು, ಇನ್ನೊಂದು ಅದನ್ನು ಮತ್ತೆ ಜೋಡಿಸಬೇಕು. ಶಾಲೆ ಬಿಟ್ಟ ಮೇಲೆ ಬೀದಿಯಲ್ಲಿ ಹೆಂಚಿನ ಚೂರು ಒಟ್ಟಿ ಆಡಿದ ಆಟಕ್ಕೆ ಬೇರೆ ದೇಶದ ಮಕ್ಕಳು ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದಾರೆ ಅಂದರೆ ನನಗೆ ಇವತ್ತಿಗೂ ಖುಷಿ. 2025ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ರೋಬೋಟ್‌ಗಳು ಬ್ಯಾಸ್ಕೆಟ್‌ಬಾಲ್ ಆಡಿದವು. ಶಾಲಾ ಮಕ್ಕಳಿಗೆ ಫಸ್ಟ್ ಟೆಕ್ ಚಾಲೆಂಜ್, ವೆಕ್ಸ್ ಥರದ ಸ್ಪರ್ಧೆಗಳಿವೆ. ಅವುಗಳಲ್ಲೂ ಕೆಲವು ವರ್ಷ ಚೆಂಡು ಎಸೆಯುವ ಆಟ ಬರುತ್ತದೆ.

ನಮ್ಮ ಮಗಳು ಎಂಟನೇ ಕ್ಲಾಸು ಮೇಡಂ. ಇಷ್ಟು ಬೇಗ ಇದೆಲ್ಲ ಬೇಕಾ?

ಅವಳಿಗೆ ಇಷ್ಟ ಇದ್ದರೆ ಖಂಡಿತ ಬೇಕು. ನಿಮ್ಮ ಶಾಲೆಯಲ್ಲಿ ಕೇಂದ್ರ ಸರ್ಕಾರದ ನೆರವಿನ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಕೇಳಿ. ಅದು 6ರಿಂದ 12ನೇ ತರಗತಿಯವರಿಗೆಂದೇ ಇರುವುದು. ಲ್ಯಾಬ್ ಇಲ್ಲದಿದ್ದರೆ ರಟ್ಟು, ರಬ್ಬರ್ ಬ್ಯಾಂಡು, ಪ್ಲಾಸ್ಟಿಕ್ ಚೆಂಡು ಸಾಕು. ಒಂದೇ ಜಾಗಕ್ಕೆ ಹತ್ತು ಸಲ ಬೀಳುವ ಒಂದು ಚಿಕ್ಕ ಕವಣೆ ಮಾಡಲು ಹೇಳಿ. ಅದನ್ನು ಮಾಡಿದ ಮಗುವಿಗೆ ಮುಂದಿನ ಅರ್ಧ ದಾರಿ ಗೊತ್ತಾಗಿರುತ್ತದೆ.

ರೂಲ್‌ಬುಕ್ ಬಂತು. ಮೊದಲು ಏನು ಮಾಡೋದು?

ಡಿಸೈನ್ ಮಾಡಬೇಡಿ. ಮೂರು ಸಲ ಓದಿ. ರೋಬೋಟ್‌ನ ಗಾತ್ರ, ತೂಕ, ಬ್ಯಾಟರಿ ವೋಲ್ಟೇಜು, ಗಾಳಿಯ ಒತ್ತಡ, ಒಮ್ಮೆಗೆ ಎಷ್ಟು ಚೆಂಡು ಇಟ್ಟುಕೊಳ್ಳಬಹುದು ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆಮೇಲೆ ಅಂಕಣದ ಅಳತೆಗೆ ಸುಣ್ಣದ ಗೆರೆ ಎಳೆದು, ಒಬ್ಬ ಹುಡುಗನೇ ರೋಬೋಟ್ ಆಗಿ ಆಡಲಿ. ಅವನು ಚೆಂಡು ಹೆಕ್ಕಿ, ಓಡಿ, ಎಸೆದು ಬರಲು ಎಷ್ಟು ಸೆಕೆಂಡು ಬೇಕು ಅಂತ ಗಡಿಯಾರ ಹಿಡಿದು ನೋಡಿ. ಯಾವ ಜಾಗದಿಂದ ಎಸೆದರೆ ಲಾಭ ಎನ್ನುವುದು ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಎಲ್ಲ ಕಡೆಯಿಂದ ಎಸೆಯುವ ರೋಬೋಟ್‌ಗಿಂತ ಒಂದೇ ಒಂದು ಒಳ್ಳೆಯ ಜಾಗದಿಂದ ತಪ್ಪದೆ ಎಸೆಯುವ ರೋಬೋಟ್ ಮೊದಲ ವರ್ಷಕ್ಕೆ ಒಳ್ಳೆಯದು.

ಸಾಮಾನೆಲ್ಲ ಬೆಂಗಳೂರಿಂದಾನೇ ತರ್ಬೇಕಾ?

ಮೋಟಾರು, ಅದಕ್ಕೆ ಕರೆಂಟು ಹದವಾಗಿ ಕೊಡುವ ಡ್ರೈವರ್ ಬೋರ್ಡು, ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಸೆನ್ಸರ್ ಇವನ್ನು ಆನ್‌ಲೈನ್‌ನಲ್ಲಿ ತರಿಸಿ, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಒಮ್ಮೆ ಪಟ್ಟಿ ಹಿಡಿದು ಹೋಗಿ ಬನ್ನಿ. ಉಳಿದದ್ದು ಇಲ್ಲೇ ಇದೆ. ಅಲ್ಯುಮಿನಿಯಂ ಕಿಟಕಿ ಮಾಡುವವರ ಹತ್ತಿರ ಉಳಿದ ಸೆಕ್ಷನ್ ತುಂಡು ಸಿಗುತ್ತದೆ. ಹೊಲಿಗೆ ಯಂತ್ರದ ದುಂಡನೆ ಬೆಲ್ಟು ಚೆಂಡು ಎತ್ತುವ ರೋಲರ್‌ಗೆ ಚೆನ್ನಾಗಿ ಹೊಂದುತ್ತದೆ. ಶಾಫ್ಟು, ಬುಷ್, ಚಕ್ರದ ಬಿಲ್ಲೆ ಬೇಕಾದರೆ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಲೇತ್ ಕೆಲಸದವರು ಇದ್ದಾರೆ. ಉಕ್ಕಿನ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಕೈ ಪಳಗಿದ ಹಿರಿಯ ಟರ್ನರ್‌ಗಳು ಸಿಗುತ್ತಾರೆ. ಬಾಯಲ್ಲಿ ಹೇಳಬೇಡಿ, ಅಳತೆ ಬರೆದ ಚಿತ್ರ ಕೊಡಿ. ಜೊತೆಗೆ ಚೆಂಡನ್ನೂ ಒಯ್ದು ತೋರಿಸಿ.

ಹಣದ ವಿಷಯ: ಕೈಯಲ್ಲಿರುವ ದುಡ್ಡಿನ ಮೂರನೇ ಒಂದು ಪಾಲು ಸುಟ್ಟುಹೋಗುವ, ಮುರಿಯುವ ಸಾಮಾನಿಗೆಂದೇ ಎತ್ತಿಡಿ. ಒಮ್ಮೆ ನಾವು ಒಂದು ಅಂಗಡಿಯಿಂದ ತಂದ ನಾಲ್ಕು ಮೋಟಾರುಗಳಲ್ಲಿ ಎರಡರ ವೇಗ ಬೇರೆಯೇ ಇತ್ತು. ಹೊಸದಕ್ಕೆ ದುಡ್ಡು ಉಳಿದಿರಲಿಲ್ಲ. ಆ ವರ್ಷ ಸ್ಪರ್ಧೆಗೆ ಹೋಗಲು ಆಗಲಿಲ್ಲ.

ಕಣ್ಣಿಗೆ ಕನ್ನಡಕ ನಿಜವಾಗ್ಲೂ ಹಾಕ್ಬೇಕಾ? ಬರೀ ಟೆನಿಸ್ ಬಾಲ್ ಅಲ್ವಾ?

ಹಾಕಲೇಬೇಕು. ಭಯ ಚೆಂಡಿನದಲ್ಲ, ನಿಮಿಷಕ್ಕೆ 3,000 ಸುತ್ತು ತಿರುಗುವ ಚಕ್ರದ್ದು. ಅಂಟಿಸಿದ ರಬ್ಬರ್ ಕಿತ್ತು ಬಂದರೆ ನೇರ ಮುಖಕ್ಕೆ ಬರುತ್ತದೆ. ಚಕ್ರಕ್ಕೆ ಪಾಲಿಕಾರ್ಬೊನೇಟ್ ಮರೆ ಕಟ್ಟಿ. ಅಕ್ರಿಲಿಕ್ ಬೇಡ, ಅದು ಚೂರಾಗುತ್ತದೆ. ಚಕ್ರ ತಿರುಗುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು.

## ಎಸೆಯುವ ಯಂತ್ರ

ಕವಣೆ ಥರದ್ದು, ಪೆಟ್ಲು ಥರದ್ದು, ಚಕ್ರದ್ದು. ಯಾವುದು ಒಳ್ಳೇದು?

ಮೂರೂ ನಮ್ಮೂರಿಗೆ ಹೊಸದಲ್ಲ. ತೋಟದಲ್ಲಿ ಮಂಗ ಓಡಿಸಲು ಕವಣೆ ಬೀಸುವುದನ್ನು ನೋಡಿದ್ದೀರಿ. ಬಿದಿರಿನ ಪೆಟ್ಲಿನಲ್ಲಿ ಕಾಯಿ ತುರುಕಿ ಹಿಂದಿನಿಂದ ಕೋಲು ತಳ್ಳಿ ‘ಪಟ್’ ಅನ್ನಿಸಿದ್ದೀರಿ. ಆಲೆಮನೆಯ ಗಾಣದಲ್ಲಿ ಎರಡು ಉರುಳೆಗಳ ನಡುವೆ ಕಬ್ಬಿನ ತುದಿ ಕೊಟ್ಟರೆ ಅದೇ ಎಳೆದುಕೊಂಡು ಆಚೆ ಬಿಡುತ್ತದಲ್ಲ, ಅದೂ ಗೊತ್ತು. ಸ್ಪರ್ಧೆಯ ರೋಬೋಟ್‌ಗಳೂ ಬಹುಪಾಲು ಈ ಮೂರರಲ್ಲೇ ಒಂದು.

ಸ್ಪ್ರಿಂಗ್ ಅಥವಾ ರಬ್ಬರ್ ಎಳೆದು ಬಿಡುವ ತೋಳಿನ ದೊಡ್ಡ ಗುಣ, ಅದು ಬ್ಯಾಟರಿಯ ಮೂಡಿಗೆ ತಕ್ಕಂತೆ ನಡೆಯುವುದಿಲ್ಲ. ಅಷ್ಟೇ ಎಳೆದರೆ ಅಷ್ಟೇ ಎಸೆಯುತ್ತದೆ. ಒಂದೇ ದೂರ, ದೊಡ್ಡ ಚೆಂಡು, ಕಡಿಮೆ ಎಸೆತ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ಪ್ರತಿ ಸಲ ಮತ್ತೆ ಎಳೆದು ಕೊಂಡಿ ಹಾಕಲು ಸಮಯ ಬೇಕು. ತೋಳು ಬಂದು ಬಡಿಯುವ ಪೆಟ್ಟಿಗೆ ನಟ್ಟುಗಳು ಸಡಿಲವಾಗುತ್ತವೆ. ರಬ್ಬರ್ ಅಂತೂ ದಿನ ಕಳೆದಂತೆ ಸೋಲುತ್ತದೆ.

ಗಾಳಿಯ ಸಿಲಿಂಡರ್ ಚುರುಕು. ಆದರೆ ಕಂಪ್ರೆಸರ್ ತುಂಬಿದ ಬಾಟಲಿಯ ಒತ್ತಡ ಎಸೆದಂತೆಲ್ಲ ಇಳಿಯುತ್ತದೆ. ನಡುವೆ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್ ಇರಲೇಬೇಕು. ವಾಲ್ವು, ಫಿಟ್ಟಿಂಗ್ ಖರ್ಚೂ ಜಾಸ್ತಿ. ಕಾಲೇಜಿನ ತಂಡಕ್ಕೆ ಸರಿ, ಶಾಲೆಯ ಮಕ್ಕಳಿಗೆ ನಾನು ಹೇಳುವುದಿಲ್ಲ.

ಒಂದರ ಹಿಂದೆ ಒಂದು ಹತ್ತಾರು ಚೆಂಡು ಎಸೆಯಬೇಕು, ದೂರವೂ ಬದಲಾಗುತ್ತದೆ ಅಂದರೆ ತಿರುಗುವ ಚಕ್ರವೇ ಸರಿ. ವೇಗ ಬದಲಿಸಿದರೆ ದೂರ ಬದಲಾಗುತ್ತದೆ. ಹೆಚ್ಚಿನ ಪ್ರಶ್ನೆಗಳು ಚಕ್ರದ ಬಗ್ಗೆಯೇ ಬರುವುದರಿಂದ ಕೆಳಗಿನ ಉತ್ತರಗಳೂ ಅದರದ್ದೇ.

ಒಂದು ಚಕ್ರ ಸಾಕಾ, ಎರಡು ಬೇಕಾ?

ಒಂದೇ ಚಕ್ರ ಇಟ್ಟು ಎದುರಿಗೆ ಬಾಗಿದ ತಗಡು ಇಟ್ಟರೆ ಚೆಂಡು ಆ ತಗಡಿನ ಮೇಲೆ ಉರುಳುತ್ತಾ ಹೊರಬರುತ್ತದೆ. ಆಗ ಚೆಂಡಿನ ವೇಗ ಚಕ್ರದ ಅಂಚಿನ ವೇಗದ ಅರ್ಧ ಮಾತ್ರ. ಇದು ತುಂಬಾ ಜನಕ್ಕೆ ನಂಬಿಕೆ ಬರುವುದಿಲ್ಲ. ಕಾಡಿನಲ್ಲಿ ಮರದ ದಿಮ್ಮಿ ಸಾಗಿಸುವಾಗ ಕೆಳಗೆ ದುಂಡನೆ ಕೊಂಬೆ ಇಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ದಿಮ್ಮಿ 2 ಅಡಿ ಮುಂದೆ ಹೋದರೆ ಕೊಂಬೆ 1 ಅಡಿ ಉರುಳಿರುತ್ತದೆ. ಚಕ್ರ ದಿಮ್ಮಿ ಇದ್ದಂತೆ, ತಗಡು ನೆಲ ಇದ್ದಂತೆ, ಚೆಂಡು ಕೊಂಬೆ.

ಎರಡು ಚಕ್ರ ಎದುರುಬದುರು ಇಟ್ಟರೆ ಚೆಂಡು ಅಂಚಿನ ವೇಗದ ಹತ್ತಿರ ಹೋಗುತ್ತದೆ, ಗಿರಗಿರ ತಿರುಗುವುದಿಲ್ಲ. ಆದರೆ ಎರಡೂ ಚಕ್ರದ ವೇಗ ಒಂದೇ ಇರಬೇಕು. ಸ್ವಲ್ಪ ಹೆಚ್ಚುಕಡಿಮೆ ಆದರೂ ಚೆಂಡು ಒಂದು ಕಡೆ ವಾಲುತ್ತದೆ.

ನನ್ನ ಆಯ್ಕೆ ಒಂದೇ ಚಕ್ರ. ಒಂದು ಮೋಟಾರು, ಒಂದು ಸೆನ್ಸರ್, ಒಂದು ಲೆಕ್ಕ. ಜೊತೆಗೆ ಇನ್ನೊಂದು ಲಾಭ. ಚಕ್ರ ಕೆಳಗೆ, ತಗಡು ಮೇಲೆ ಇದ್ದರೆ ಚೆಂಡಿಗೆ ಹಿಮ್ಮುಖ ಸುತ್ತು ಸಿಗುತ್ತದೆ. ಅಂಥ ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ಬಡಿದರೆ ಕೆಳಕ್ಕೆ ಬೀಳಲು ನೋಡುತ್ತದೆ. ಚಕ್ರ ಮೇಲೆ ಇಟ್ಟರೆ ಉಲ್ಟಾ, ಚೆಂಡು ಬೇಗ ಕುಸಿಯುತ್ತದೆ.

ಮೋಟಾರು ಎಷ್ಟು ಆರ್‌ಪಿಎಂ ಇರ್ಬೇಕು? ಸುಮ್ನೆ ದೊಡ್ಡದು ಹಾಕಿದ್ರೆ ಆಗಲ್ವಾ?

ಲೆಕ್ಕ ಹಾಕಿಯೇ ತನ್ನಿ, ಹತ್ತು ನಿಮಿಷದ ಕೆಲಸ. ಒಂದು ಉದಾಹರಣೆ. ಬುಟ್ಟಿ 4 ಮೀಟರ್ ದೂರ, ನೆಲದಿಂದ 1.8 ಮೀಟರ್ ಎತ್ತರ. ನಿಮ್ಮ ರೋಬೋಟ್‌ನಿಂದ ಚೆಂಡು ಹೊರಡುವುದು 0.6 ಮೀಟರ್ ಎತ್ತರದಲ್ಲಿ, 55 ಡಿಗ್ರಿ ಕೋನದಲ್ಲಿ. ಪಿಯುಸಿ ಭೌತಶಾಸ್ತ್ರದ ಉತ್ಕ್ಷೇಪಕ ಸೂತ್ರಕ್ಕೆ ಇದನ್ನು ಹಾಕಿದರೆ ಚೆಂಡಿಗೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 7.3 ಮೀಟರ್. ಗಾಳಿಯ ತಡೆ ಬಿಟ್ಟ ಲೆಕ್ಕ ಇದು. ಈ ದೂರಕ್ಕೆ ಶುರು ಮಾಡಲು ಸಾಕು.

ಒಂದೇ ಚಕ್ರವಾದರೆ ಅಂಚಿನ ವೇಗ ಇದರ ಎರಡರಷ್ಟು, ಅಂದರೆ 14.6 ಮೀಟರ್. 10 ಸೆಂಟಿಮೀಟರ್ ಅಗಲದ ಚಕ್ರ ಒಂದು ಸುತ್ತಿಗೆ 31.4 ಸೆಂಟಿಮೀಟರ್ ಹೋಗುತ್ತದೆ. ಭಾಗಿಸಿದರೆ ನಿಮಿಷಕ್ಕೆ ಸುಮಾರು 2,800 ಸುತ್ತು, ಅದೇ ಆರ್‌ಪಿಎಂ. ಚೆಂಡು ಜಾರುವುದು, ಚಕ್ರದ ವೇಗ ಕುಗ್ಗುವುದು ಸೇರಿಸಿ 3,300 ಅಂತ ಇಟ್ಟುಕೊಳ್ಳಿ. ಮೋಟಾರು ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದ್ದರೆ ಕುಗ್ಗಿದಾಗ ಮೇಲೇಳಲು ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಅದಕ್ಕೆ 5,000ದಿಂದ 6,000 ಆರ್‌ಪಿಎಂನ ಮೋಟಾರು ಆರಿಸಿ.

775 ಅಂತ ಬರೆದದ್ದು ಮೋಟಾರಿನ ಗಾತ್ರದ ಹೆಸರು ಅಷ್ಟೇ. ಅದೇ ಗಾತ್ರದಲ್ಲಿ ಬೇರೆ ಬೇರೆ ವೇಗದವು ಬರುತ್ತವೆ, ಕೇಳಿ ತನ್ನಿ. ಡ್ರೋನಿನ 1,000 ಕೆವಿ (ಒಂದು ವೋಲ್ಟಿಗೆ 1,000 ಆರ್‌ಪಿಎಂ) ಮೋಟಾರನ್ನು 11.1 ವೋಲ್ಟಿಗೆ ನೇರ ಹಾಕಿದರೆ ಖಾಲಿ ಓಟದಲ್ಲಿ 11,100 ಆರ್‌ಪಿಎಂ ಹತ್ತಿರ ಹೋಗುತ್ತದೆ. 10 ಸೆಂಟಿಮೀಟರ್ ಚಕ್ರಕ್ಕೆ ಅದು ಅಪಾಯ. ಬೆಲ್ಟು ಹಾಕಿ ಇಳಿಸಿ, ಇಲ್ಲವೇ ಕಡಿಮೆ ಕೆವಿಯದ್ದು ತನ್ನಿ.

ಚೆಂಡಿಗೂ ಚಕ್ರಕ್ಕೂ ಎಷ್ಟು ಸಂದು ಬಿಡ್ಬೇಕು?

ಚೆಂಡಿಗಿಂತ ಕಡಿಮೆ. ಅಮುಕಿದರೆ ಮಾತ್ರ ಚಕ್ರಕ್ಕೆ ಹಿಡಿತ. ಟೆನಿಸ್ ಚೆಂಡಿನ ವ್ಯಾಸ 6.54ರಿಂದ 6.86 ಸೆಂಟಿಮೀಟರ್ ನಡುವೆ ಇರುತ್ತದೆ. ಅಂದರೆ ಚೆಂಡು ಚೆಂಡಿಗೇ 3 ಮಿಲಿಮೀಟರ್ ವ್ಯತ್ಯಾಸ ಬರಬಹುದು. ಮೊದಲು 5 ಮಿಲಿಮೀಟರ್ ಅಮುಕಿನಿಂದ ಶುರು ಮಾಡಿ, 2 ಮಿಲಿಮೀಟರಿನಂತೆ ಹೆಚ್ಚಿಸುತ್ತಾ ಹೋಗಿ. ಚೆಂಡು ಜಾರುವುದು ನಿಂತ ಕಡೆ ನಿಲ್ಲಿಸಿ. ನಮ್ಮ ಯಂತ್ರಗಳಲ್ಲಿ ಅದು 8ರಿಂದ 10ರ ಆಸುಪಾಸಿನಲ್ಲಿ ಬಂದಿದೆ. ಅತಿಯಾಗಿ ಅಮುಕಿದರೆ ಮೋಟಾರು ಏದುಸಿರು ಬಿಡುತ್ತದೆ, ಚೆಂಡಿನ ಉಣ್ಣೆ ಕಿತ್ತು ತಗಡಿಗೆ ಮೆತ್ತುತ್ತದೆ.

ತಗಡನ್ನು ಬೋಲ್ಟಿನ ಉದ್ದ ತೂತಿನಲ್ಲಿ ಕೂರಿಸಿ, ಸರಿಸುವಂತಿರಲಿ. ಅಂಟು ಹಾಕಿ ಕೂರಿಸಿದವರು ಕೊನೆಗೆ ಒಡೆದೇ ತೆಗೆಯಬೇಕಾಗುತ್ತದೆ.

ಮೊದಲನೇ ಬಾಲ್ ಸರಿಯಾಗಿ ಹೋಗತ್ತೆ, ಹಿಂದೇನೇ ಹೋದ ಎರಡನೇದು ಹತ್ತಿರ ಬೀಳತ್ತೆ. ಯಾಕೆ ಅಕ್ಕ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೊದಲ ಚೆಂಡು ಚಕ್ರದಿಂದ ಶಕ್ತಿ ಕಿತ್ತುಕೊಂಡು ಹೋಗಿದೆ. ಚಕ್ರ ಮತ್ತೆ ವೇಗ ಹಿಡಿಯುವ ಮೊದಲೇ ಎರಡನೆಯದು ಬಂತು.

ಲೆಕ್ಕ ನೋಡಿ. 58 ಗ್ರಾಂ ಚೆಂಡು ಸೆಕೆಂಡಿಗೆ 7.3 ಮೀಟರ್ ವೇಗದಲ್ಲಿ ಹೋದರೆ ಅದರಲ್ಲಿ ಸುಮಾರು 1.5 ಜೌಲ್ ಶಕ್ತಿ. ಸುತ್ತು, ಜಾರುವಿಕೆ, ಅಮುಕಿನ ನಷ್ಟ ಸೇರಿ ಚಕ್ರದಿಂದ 3 ಜೌಲ್ ಹೋಯಿತು ಅಂದುಕೊಳ್ಳಿ. 10 ಸೆಂಟಿಮೀಟರ್ ಅಗಲ, 200 ಗ್ರಾಂ ತೂಕದ ಚಕ್ರ 3,300 ಆರ್‌ಪಿಎಂನಲ್ಲಿ ಹಿಡಿದಿಟ್ಟುಕೊಂಡಿರುವುದೇ 15 ಜೌಲ್. ಅದರಲ್ಲಿ 3 ಹೋದರೆ ವೇಗ ಶೇ. 10ಕ್ಕಿಂತ ಜಾಸ್ತಿ ಬೀಳುತ್ತದೆ. ಈಗ ಅದೇ ಶಾಫ್ಟಿಗೆ 10 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಬಿಲ್ಲೆ ಸೇರಿಸಿ. ತೂಕ ಸುಮಾರು 500 ಗ್ರಾಂ. ಈಗ ಚಕ್ರದಲ್ಲಿರುವುದು 52 ಜೌಲ್. ಅದೇ 3 ಜೌಲ್ ಹೋದರೂ ವೇಗ ಬೀಳುವುದು ಶೇ. 3 ಮಾತ್ರ.

ಬಿಲ್ಲೆಯನ್ನು ಲೇತ್‌ನಲ್ಲೇ ತಿರುಗಿಸಿ ಮಾಡಿಸಿ. ಕೈಯಲ್ಲಿ ಕತ್ತರಿಸಿದ್ದು ನಡುಕ ಹುಟ್ಟಿಸುತ್ತದೆ. ಶಾಫ್ಟಿನ ಎರಡೂ ತುದಿಗೆ ಬೇರಿಂಗ್ ಇರಲಿ. ಭಾರ ಹೆಚ್ಚಿದಂತೆ ವೇಗ ಹಿಡಿಯಲು ಮೊದಲ ಸಲ ತಡವಾಗುತ್ತದೆ. ಅದಕ್ಕೆ ಪಂದ್ಯ ಶುರುವಾದ ತಕ್ಷಣ, ಚೆಂಡು ಹೆಕ್ಕುವಾಗಲೇ ಚಕ್ರ ತಿರುಗಿಸಲು ಶುರು ಮಾಡಿ. ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಚಕ್ರ ಬೇಕಾದ ವೇಗಕ್ಕೆ ಬಂದ ಮೇಲೆಯೇ ಮುಂದಿನ ಚೆಂಡಿಗೆ ಬಾಗಿಲು ತೆರೆಯುವಂತೆ ಕೋಡಿನಲ್ಲಿ ಒಂದು ಸಾಲು ಬರೆಯಿರಿ. ಆಗ ಪ್ರತಿ ಚೆಂಡಿಗೂ ಒಂದೇ ವೇಗ ಸಿಗುತ್ತದೆ. ಗುರಿ ಆಮೇಲೆ ಸರಿಮಾಡಬಹುದು. ಎಸೆತ ಒಂದೇ ಥರ ಇಲ್ಲದಿದ್ದರೆ ಸರಿಮಾಡಲು ಏನೂ ಇರುವುದಿಲ್ಲ.

ಬಾಲ್ ದಾರಿ ಮಧ್ಯೆ ಸಿಕ್ಕಿಹಾಕ್ಕೊಳ್ಳತ್ತೆ. ಅಲ್ಲಾಡಿಸಿದ್ರೆ ಮಾತ್ರ ಹೋಗತ್ತೆ.

ಡಬ್ಬಿಯ ಬಾಯಿಗೆ ಎರಡು ಚೆಂಡು ಒಟ್ಟಿಗೆ ಬಂದರೆ ಒಂದಕ್ಕೊಂದು ಆತು ಕಮಾನು ಕಟ್ಟಿ ನಿಲ್ಲುತ್ತವೆ. ಮೇಲಿನಿಂದ ಭಾರ ಹಾಕಿದಷ್ಟೂ ಗಟ್ಟಿಯಾಗುತ್ತದೆ. ಡಬ್ಬಿಯ ತಳವನ್ನು ಒಂದೇ ಕಡೆಗೆ ಇಳಿಜಾರು ಮಾಡಿ, ತೂತನ್ನು ಮಧ್ಯದಲ್ಲಿ ಇಡದೆ ಮೂಲೆಗೆ ಇಡಿ. ಸಾಲದಿದ್ದರೆ ನಿಧಾನ ತಿರುಗುವ ಒಂದು ರಬ್ಬರ್ ಕಡ್ಡಿ ಇಟ್ಟು ಕದಡಿ. ಅದಕ್ಕಿಂತ ಒಳ್ಳೆಯದು ಡಬ್ಬಿಯನ್ನೇ ಬಿಟ್ಟು ಚೆಂಡುಗಳನ್ನು ಮೊದಲಿನಿಂದಲೂ ಸಾಲಾಗಿ ಇಟ್ಟುಕೊಳ್ಳುವುದು. ತೋಟದ ನೀರಾವರಿಗೆ ಹಾಕುವ 75 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ, ಗೋಡೆ ತೆಳುವಾಗಿದ್ದರೆ, ಟೆನಿಸ್ ಚೆಂಡು ಸಲೀಸಾಗಿ ಉರುಳುತ್ತದೆ. ಅಂಗಡಿಯಲ್ಲೇ ಚೆಂಡು ಹಾಕಿ ನೋಡಿ ತನ್ನಿ. ಎಲ್ಬೋ ಹಾಕಬೇಡಿ, ಆ ತಿರುವಿನಲ್ಲೇ ಚೆಂಡು ನಿಲ್ಲುವುದು. ಪೈಪನ್ನು ಕಾಯಿಸಿ ಉದ್ದಕ್ಕೆ ಬಾಗಿಸಿ. ಮೇಲ್ಭಾಗ ಉದ್ದಕ್ಕೂ ಸೀಳಿದ್ದರೆ ಸಿಕ್ಕಿಕೊಂಡ ಚೆಂಡು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

## ವಿದ್ಯುತ್ತು ಮತ್ತು ಕೋಡು

ಯುಪಿಎಸ್ ಬ್ಯಾಟರಿ ಹಾಕಬಹುದಾ, ಲೈಪೊನೇ ಬೇಕಾ?

ಮನೆಯಲ್ಲಿ ಕಲಿಯಲು 12 ವೋಲ್ಟ್, 7 ಆಂಪಿಯರ್-ಅವರಿನ ಯುಪಿಎಸ್ ಬ್ಯಾಟರಿ ಚೆನ್ನ. ಭಾರ ಜಾಸ್ತಿ, ಆದರೆ ತಪ್ಪನ್ನು ಸಹಿಸಿಕೊಳ್ಳುತ್ತದೆ. ಸ್ಪರ್ಧೆಗೆ ಲೈಪೊ. ಹಗುರ, ಕೇಳಿದಷ್ಟು ಕರೆಂಟು ಕೊಡುತ್ತದೆ. ಅದರ ನಿಯಮ ಬಾಯಿಪಾಠ ಮಾಡಿ: ಒಂದು ಸೆಲ್ 4.2 ವೋಲ್ಟಿನ ಮೇಲೆ ಹೋಗಬಾರದು, 3.3ರ ಕೆಳಗೆ ಇಳಿಸಬೇಡಿ, ಎತ್ತಿಡುವಾಗ 3.8ರಲ್ಲಿ ಇಡಿ. ಎಲ್ಲ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, ಎದುರಿಗೆ ಒಬ್ಬರು ಕೂತಿರಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಎಷ್ಟೇ ದುಡ್ಡು ಕೊಟ್ಟಿದ್ದರೂ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಚಾರ್ಜರ್ ಪ್ಲಗ್ ಕಿತ್ತಿಡಿ.

ಎಲ್298ಎನ್ ಡ್ರೈವರ್ ಸುಟ್ಟುಹೋಯ್ತು. ಇನ್ನೊಂದು ಅದೇ ಹಾಕ್ಲಾ?

ಬೇಡ. ಅದು ಒಂದು ಮೋಟಾರಿಗೆ 2 ಆಂಪಿಯರ್ ತಡೆಯುವ ಬೋರ್ಡು, ಅದರಲ್ಲೇ ಸುಮಾರು 2 ವೋಲ್ಟು ತಿನ್ನುತ್ತದೆ. ಎಸೆಯುವ ಚಕ್ರದ ಮೋಟಾರು ಶುರುವಾಗುವಾಗ ಹತ್ತಾರು ಆಂಪಿಯರ್ ಎಳೆಯುತ್ತದೆ. ಬಿಟಿಎಸ್7960 ಬೋರ್ಡು ಹಾಕಿ. ಅದರ ಮೇಲೆ 43 ಆಂಪಿಯರ್ ಅಂತ ಬರೆದದ್ದನ್ನು ನಂಬಿ ಅಷ್ಟು ಎಳೆಯಬೇಡಿ. ಕೋಡಿನಲ್ಲಿ ವೇಗವನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸು ಇರಲಿ.

ಚಕ್ರದ ಆರ್‌ಪಿಎಂ ತೋರಿಸೋ ಸಂಖ್ಯೆ ಹುಚ್ಚುಹುಚ್ಚಾಗಿ ಕುಣಿಯತ್ತೆ. ಸೆನ್ಸರ್ ಹಾಳಾ?

ಸೆನ್ಸರ್ ಸರಿ ಇದೆ, ಎಣಿಸುವ ರೀತಿ ಸರಿಯಿಲ್ಲ. ಚಕ್ರಕ್ಕೆ ಒಂದು ಬಿಳಿ ಗುರುತು ಹಾಕಿ, 100 ಮಿಲಿಸೆಕೆಂಡಿನಲ್ಲಿ ಎಷ್ಟು ಸಲ ಕಂಡಿತು ಅಂತ ಎಣಿಸುತ್ತಿದ್ದೀರಿ ತಾನೆ? 3,300 ಆರ್‌ಪಿಎಂ ಅಂದರೆ ಸೆಕೆಂಡಿಗೆ 55 ಸುತ್ತು. 100 ಮಿಲಿಸೆಕೆಂಡಿಗೆ ಐದೂವರೆ. ನಿಮ್ಮ ಎಣಿಕೆ ಒಮ್ಮೆ 5, ಒಮ್ಮೆ 6 ಬರುತ್ತದೆ. ಒಂದು ಎಣಿಕೆ ತಪ್ಪಿದರೆ 600 ಆರ್‌ಪಿಎಂ ತಪ್ಪು.

ಎಣಿಸುವುದನ್ನು ಬಿಡಿ. ಒಂದು ಗುರುತಿನಿಂದ ಮುಂದಿನ ಗುರುತಿಗೆ ಎಷ್ಟು ಹೊತ್ತಾಯಿತು ಅಂತ ಅಳೆಯಿರಿ. ಒಂದು ಸುತ್ತಿಗೆ 18.2 ಮಿಲಿಸೆಕೆಂಡು. ಕೋಡು ಓಡಿಸುವ ಚಿಕ್ಕ ಬೋರ್ಡಾದ ಆರ್ಡುಯಿನೊ ಯುನೊದ ಮೈಕ್ರೊಸೆಕೆಂಡ್ ಗಡಿಯಾರ 4 ಮೈಕ್ರೊಸೆಕೆಂಡಿನ ಹೆಜ್ಜೆಯಲ್ಲಿ ಓಡುತ್ತದೆ, ಬೇಕಾದದ್ದಕ್ಕಿಂತ ಹೆಚ್ಚೇ ನಿಖರ. ಸೆನ್ಸರ್ ತಂತಿ ಯುನೊದ 2 ಅಥವಾ 3ನೇ ಪಿನ್ನಿಗೇ ಹೋಗಲಿ, ಸಂಕೇತ ಬಂದ ತಕ್ಷಣ ಬೇರೆ ಕೆಲಸ ನಿಲ್ಲಿಸಿ ಅದನ್ನು ಗಮನಿಸುವ ಇಂಟರಪ್ಟ್ ಇರುವುದು ಅಲ್ಲಿ. ಬಿಸಿಲು ಬೀಳುವ ಅಂಗಳದಲ್ಲಿ ಐಆರ್ (ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್ ಕುರುಡಾಗುತ್ತದೆ. ಒಂದು ಮ್ಯಾಗ್ನೆಟ್ ಮತ್ತು ಅದನ್ನು ಗುರುತಿಸುವ ಹಾಲ್ ಸೆನ್ಸರ್ ಹಾಕಿದರೆ ಆ ತಲೆನೋವಿಲ್ಲ.

ಪಿಐಡಿ ಬೇಕೇ ಬೇಕಾ? ನಮಗೆ ಅದು ತಲೆಗೆ ಹೋಗ್ತಿಲ್ಲ.

ಪಿಐಡಿ ಅಂದರೆ ಬೇಕಾದ ವೇಗಕ್ಕೂ ಈಗಿನ ವೇಗಕ್ಕೂ ಇರುವ ವ್ಯತ್ಯಾಸ ನೋಡಿ ಕೋಡು ತಾನೇ ಸರಿಪಡಿಸುವ ಲೆಕ್ಕ. ಅದು ಇಲ್ಲದಿದ್ದರೂ ನಡೆಯುತ್ತದೆ, ಆದರೆ ವೇಗ ಅಳೆದು ಸರಿಪಡಿಸುವ ಏನಾದರೊಂದು ಬೇಕೇ ಬೇಕು. ಪೂರ್ತಿ ಚಾರ್ಜ್ ಆದ ಮೂರು ಸೆಲ್ ಲೈಪೊ 12.6 ವೋಲ್ಟು. ಪಂದ್ಯದ ಮಧ್ಯೆ 11.1ಕ್ಕೆ ಬಂದರೆ ಶೇ. 12 ಇಳಿಯಿತು, ಚಕ್ರವೂ ಅಷ್ಟೇ ಇಳಿಯುತ್ತದೆ. ಅಷ್ಟು ದೂರ ಹೋಗುವುದೇ ಬೇಡ. 4 ಮೀಟರ್ ದೂರದ, 1.8 ಮೀಟರ್ ಎತ್ತರದ ಬುಟ್ಟಿಗೆ ಗುರಿಯಿಟ್ಟಾಗ ವೇಗ ಶೇ. 5 ಕಡಿಮೆಯಾದರೆ ಚೆಂಡು ಅರ್ಧ ಮೀಟರಿಗಿಂತ ಹೆಚ್ಚು ಹಿಂದೆ ಬೀಳುತ್ತದೆ.

ಅತಿ ಸರಳ ಉಪಾಯ ಹೀಗಿದೆ. ಬೇಕಾದ ವೇಗಕ್ಕೆ ಸುಮಾರು ಎಷ್ಟು ಪಿಡಬ್ಲ್ಯುಎಂ (ಕೋಡು ಮೋಟಾರಿಗೆ ಕೊಡುವ ಶಕ್ತಿಯ ಪ್ರಮಾಣ) ಬೇಕು ಅಂತ ಮೊದಲೇ ಅಳೆದು ಬರೆದಿಡಿ. ಅದನ್ನು ಯಾವಾಗಲೂ ಕೊಡುತ್ತಿರಿ. ಚಕ್ರ ಅದಕ್ಕಿಂತ ಕಡಿಮೆ ಓಡುತ್ತಿದ್ದರೆ ಕಡಿಮೆಯಾದದ್ದಕ್ಕೆ ತಕ್ಕಂತೆ ಸ್ವಲ್ಪ ಸೇರಿಸಿ. ಇದೇ ಪಿಐಡಿಯ ಮೊದಲ ಅಕ್ಷರ. ಭಾರದ ಚಕ್ರಕ್ಕೆ ಎಷ್ಟೋ ಸಲ ಇಷ್ಟೇ ಸಾಕು. ಬ್ರೇಕ್ ಮಾತ್ರ ಹಾಕಬೇಡಿ. ವೇಗ ಹೆಚ್ಚಾದರೆ ಅದಾಗಿಯೇ ಇಳಿಯಲು ಬಿಡಿ.

## ಗುರಿ, ಮಳೆ, ಪಂದ್ಯ

ಮಳೆಗಾಲದಲ್ಲಿ ಎಲ್ಲಿ ಅಭ್ಯಾಸ ಮಾಡೋದು? ಚೆಂಡು ಮಾಡಿಗೆ ತಾಗಲ್ವಾ?

0.6 ಮೀಟರ್ ಎತ್ತರದಿಂದ 55 ಡಿಗ್ರಿಯಲ್ಲಿ, ಸೆಕೆಂಡಿಗೆ 7.3 ಮೀಟರ್ ವೇಗದಲ್ಲಿ ಹೊರಟ ಚೆಂಡು ನೆಲದಿಂದ 2.4 ಮೀಟರ್ ಎತ್ತರಕ್ಕೆ ಮಾತ್ರ ಏರುತ್ತದೆ. ಹತ್ತು ಅಡಿ ಎತ್ತರದ ಕೋಣೆ ಸಾಕು. ಅಡಿಕೆ ಸುಲಿಯುವ ಮನೆಯ ಚಪ್ಪರದಡಿ ಅಭ್ಯಾಸ ಮಾಡಿದ ತಂಡಗಳನ್ನು ನೋಡಿದ್ದೇನೆ.

ತೇವದ ಕಾಟವೇ ದೊಡ್ಡದು. ಆಗುಂಬೆ, ಹುಲಿಕಲ್ ಕಡೆಯವರಿಗೆ ನಾನು ಹೇಳಬೇಕಿಲ್ಲ, ಜುಲೈನಲ್ಲಿ ಬೆಂಕಿಪೊಟ್ಟಣವೂ ಹತ್ತುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬುತ್ತದೆ, ನೀವು ಕೂರಿಸಿದ 8 ಮಿಲಿಮೀಟರ್ ಅಮುಕು ಎಲ್ಲಿಗೋ ಹೋಗುತ್ತದೆ. ಚಕ್ರವನ್ನೂ ತಗಡನ್ನೂ ಹಿಡಿದಿಡುವ ಭಾಗ ಅಲ್ಯುಮಿನಿಯಂನದೇ ಇರಲಿ. ಪ್ಲೈವುಡ್ ಹಾಕಿದರೆ ಅಂಚಿಗೂ ವಾರ್ನಿಷ್ ಬಳಿಯಿರಿ. 3ಡಿ ಪ್ರಿಂಟರ್‌ನ ತಂತಿಯನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಬೋರ್ಡುಗಳ ಬೆಸುಗೆ ಹಸಿರುಗಟ್ಟುವುದನ್ನು ತಿಂಗಳಿಗೊಮ್ಮೆ ನೋಡಿ. ಟೆನಿಸ್ ಚೆಂಡಿನ ಉಣ್ಣೆ ತೇವ ಹೀರಿದರೆ ತೂಕವೂ ಬದಲಾಗುತ್ತದೆ, ಹಿಡಿತವೂ ಬದಲಾಗುತ್ತದೆ. ಅಡಿಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ, ಹುಣಿಸೆ, ಉಪ್ಪಿನ ಜೊತೆ ಚೆಂಡಿನ ಬುಟ್ಟಿಗೂ ಒಂದು ಜಾಗ ಕೊಡಿ. ಅಮ್ಮನನ್ನು ಕೇಳಿ ಇಡಿ.

ದೂರ ಬದಲಾದ್ರೆ ವೇಗ ಎಷ್ಟು ಅಂತ ರೋಬೋಟ್‌ಗೆ ಹೇಗೆ ಗೊತ್ತಾಗತ್ತೆ?

ಸೂತ್ರ ನಂಬಬೇಡಿ, ಪಟ್ಟಿ ಮಾಡಿ. 2 ಮೀಟರಿನಿಂದ ಶುರು ಮಾಡಿ ಅರ್ಧರ್ಧ ಮೀಟರಿಗೆ ನಿಲ್ಲಿ. ಪ್ರತಿ ಜಾಗದಲ್ಲೂ 20 ಚೆಂಡು ಎಸೆದು, ಹೆಚ್ಚು ಬುಟ್ಟಿಗೆ ಬೀಳುವ ಆರ್‌ಪಿಎಂ ಹುಡುಕಿ ಬರೆಯಿರಿ. ನಡುವಿನ ದೂರಕ್ಕೆ ಎರಡು ಸಾಲುಗಳ ನಡುವಿನ ಸಂಖ್ಯೆಯನ್ನು ಕೋಡು ತಾನೇ ಲೆಕ್ಕ ಹಾಕಲಿ. ಬರೆಯುವಾಗ ಸರಾಸರಿಗಿಂತ ಚೆಂಡುಗಳು ಎಷ್ಟು ಚದುರಿದವು ಎನ್ನುವುದನ್ನು ಬರೆಯಿರಿ. ಸರಾಸರಿ ಸರಿಯಿದ್ದು ಚೆಂಡು ಎಡಬಲಕ್ಕೆ ಹರಡಿದರೆ ತೊಂದರೆ ಪಟ್ಟಿಯಲ್ಲಿಲ್ಲ, ಯಂತ್ರದಲ್ಲಿದೆ. ನೆಲಕ್ಕೆ ಮರಳು ಹರಡಿದರೆ ಬಿದ್ದ ಗುರುತು ಚೆನ್ನಾಗಿ ಕಾಣುತ್ತದೆ.

ಚೆಂಡಿನ ನಿಜವಾದ ವೇಗ ಬೇಕಾದರೆ ಹಿಂದೆ ಅಳತೆಪಟ್ಟಿ ಕಟ್ಟಿ ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಸೆಕೆಂಡಿಗೆ 240 ಚಿತ್ರವಾದರೆ, 7.3 ಮೀಟರ್ ವೇಗದ ಚೆಂಡು ಒಂದು ಚಿತ್ರದಿಂದ ಇನ್ನೊಂದಕ್ಕೆ 3 ಸೆಂಟಿಮೀಟರ್ ಸರಿಯುತ್ತದೆ. ಎಣಿಸುವುದು ಸುಲಭ.

ಮನೇಲಿ ಎಲ್ಲ ಬೀಳ್ತಿತ್ತು, ಸ್ಪರ್ಧೇಲಿ ಒಂದೂ ಬೀಳ್ಲಿಲ್ಲ. ಏನಾಗಿರಬಹುದು?

ಚೆಂಡು ನೋಡಿ ಮೊದಲು. ನೀವು ಸವೆದ ಚೆಂಡಿನಲ್ಲಿ ಅಭ್ಯಾಸ ಮಾಡಿರುತ್ತೀರಿ, ಅಲ್ಲಿ ಹೊಸದು ಕೊಟ್ಟಿರುತ್ತಾರೆ. ಹೊಸ ಚೆಂಡು ದಪ್ಪ, ಗಟ್ಟಿ, ಹಿಡಿತ ಬೇರೆ. ಆಮೇಲೆ ಚಕ್ರದ ರಬ್ಬರಿನ ಮೇಲೆ ಕೂತ ಧೂಳು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬಸ್ಸಿನಲ್ಲಿ ಘಾಟಿ ಇಳಿದು 300 ಕಿಲೋಮೀಟರ್ ಕುಲುಕಿ ಬಂದ ರೋಬೋಟ್‌ನ ಪ್ರತಿ ಬೋಲ್ಟೂ ಸಡಿಲ ಅಂತಲೇ ತಿಳಿದು ಬಿಗಿ ಮಾಡಿ. ತಗಡಿನ ಕೋನದ ಜಾಗಕ್ಕೆ ಮನೆಯಲ್ಲೇ ಬಣ್ಣದ ಗೆರೆ ಎಳೆದಿದ್ದರೆ ಸರಿದದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಭ್ಯಾಸದ ಸಮಯ ಕೊಟ್ಟಾಗ ಓಡಿಸಿ ತೋರಿಸಲು ಹೋಗಬೇಡಿ. ಪಟ್ಟಿಯ ಒಂದೇ ದೂರದಿಂದ ಹತ್ತು ಚೆಂಡು ಎಸೆಯಿರಿ. ಎಲ್ಲವೂ ಒಂದೇ ಕಡೆ ತಪ್ಪಿದರೆ ಪೂರ್ತಿ ಪಟ್ಟಿಗೆ ಅಷ್ಟನ್ನು ಕೂಡಿಸಿ ಅಥವಾ ಕಳೆಯಿರಿ.

ಓಡ್ತಾ ಓಡ್ತಾನೇ ಎಸೆಯೋ ಹಾಗೆ ಮಾಡಬಹುದಾ?

ಮಾಡಬಹುದು. ನಿಂತು ಎಸೆದದ್ದು ಹತ್ತಕ್ಕೆ ಒಂಬತ್ತು ಬೀಳುವವರೆಗೆ ಕೈ ಹಾಕಬೇಡಿ. ರೋಬೋಟ್‌ನ ವೇಗ ಚೆಂಡಿಗೂ ಬರುತ್ತದೆ. ನಮ್ಮ 4 ಮೀಟರಿನ ಎಸೆತದಲ್ಲಿ ಚೆಂಡು ಗಾಳಿಯಲ್ಲಿರುವುದು 0.96 ಸೆಕೆಂಡು. ರೋಬೋಟ್ ಬುಟ್ಟಿಗೆ ಅಡ್ಡಲಾಗಿ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದ್ದರೆ ಚೆಂಡು 48 ಸೆಂಟಿಮೀಟರ್ ಪಕ್ಕಕ್ಕೆ ಹೋಗಿ ಬೀಳುತ್ತದೆ. ಸರಿಪಡಿಸಲು ಓಡುವ ದಿಕ್ಕಿಗೆ ಎದುರಾಗಿ ಸುಮಾರು 7 ಡಿಗ್ರಿ ತಿರುಗಿಸಿ ಎಸೆಯಬೇಕು. ಬುಟ್ಟಿಯ ಕಡೆಗೇ ಓಡುತ್ತಿದ್ದರೆ ತಿರುಗಿಸುವುದಲ್ಲ, ಚಕ್ರದ ವೇಗ ಇಳಿಸಬೇಕು. ಇದಕ್ಕೆ ಗಾಡಿಯ ಚಕ್ರಗಳಿಗೆ ಸುತ್ತು ಅಳೆಯುವ ಎನ್‌ಕೋಡರ್ ಬೇಕು, ಗುರಿಯನ್ನು ಕಾಣುವ ಕ್ಯಾಮೆರಾ ಬೇಕು, ಎಸೆಯುವ ಯಂತ್ರ ಗಾಡಿಯ ಮೇಲೆ ತಾನೇ ತಿರುಗುವಂತಿರಬೇಕು. ಕಳೆದ ಬೇಸಿಗೆಯಿಂದ ನಮ್ಮ ಶೆಡ್‌ನ ಇಬ್ಬರು ಹುಡುಗಿಯರು ಇದರ ಹಿಂದೆ ಬಿದ್ದಿದ್ದಾರೆ. ಅಡ್ಡ ಓಟದಲ್ಲಿ ಈಗ ಹತ್ತಕ್ಕೆ ನಾಲ್ಕು ಬೀಳುತ್ತಿವೆ.